ಉಸಿರಿಗೆ ಸೇರುವ ಹೊಗೆ, ರಕ್ತಕ್ಕೆ ಏರುವ ಸಕ್ಕರೆ

ಹಾಸನವನ್ನು ‘ಬಡವರ ಊಟಿ’ ಎಂದು ಕರೆಯುವುದು ವಾಡಿಕೆ. ತಂಗಾಳಿಗೆ ಹೆಸರಾದ ಆ ಜಿಲ್ಲೆಯ ಜನರು 2025ರ ಜೂನ್ ತಿಂಗಳಲ್ಲಿ ಎದೆಯ ಮೇಲೆ ಕೈಯಿಟ್ಟುಕೊಂಡೇ ದಿನ ಕಳೆಯಬೇಕಾಯಿತು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಒಂದರ ಹಿಂದೊಂದರಂತೆ ಹೃದಯಾಘಾತದ ವಾರ್ತೆಗಳು ಬಂದವು. ಸತ್ತವರಲ್ಲಿ ಎಳೆವಯಸ್ಸಿನವರೂ ಇದ್ದರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ತಪಾಸಣೆಗೆ ಬಂದವರ ಸಾಲು ಬೆಳೆಯಿತು.

ಸರ್ಕಾರವು ಡಾ. ಕೆ. ಎಸ್. ರವೀಂದ್ರನಾಥರ ನೇತೃತ್ವದಲ್ಲಿ ತಜ್ಞರ ಸಮಿತಿಯನ್ನು ನೇಮಿಸಿತು. ಸಮಿತಿಯು ಪರಿಶೀಲಿಸಿದ 24 ಸಾವುಗಳಲ್ಲಿ 20 ಹೃದಯಕ್ಕೆ ಸಂಬಂಧಿಸಿದವು. ಹಿಂದಿನ ವರ್ಷಗಳಿಗಿಂತ ಅಸಾಧಾರಣವಾದ ಏರಿಕೆಯೇನೂ ಕಾಣಲಿಲ್ಲವೆಂದು ಜುಲೈ ತಿಂಗಳಲ್ಲಿ ವರದಿ ತಿಳಿಸಿತು. ಆದರೆ ಮೃತರಲ್ಲಿ ಬಹುಮಂದಿಗೆ ಮಧುಮೇಹ, ರಕ್ತದೊತ್ತಡ, ಬೊಜ್ಜು, ಧೂಮಪಾನಗಳಂಥ ಒಂದಲ್ಲ ಒಂದು ಕಾರಣ ಅಂಟಿಕೊಂಡಿತ್ತು. ಆಟೋ, ಟ್ಯಾಕ್ಸಿ ಚಾಲಕರೂ ಹಲವರಿದ್ದರು. ಎಂಜಿನ್ನಿನ ಬಿಸಿಯನ್ನೂ ಮಲಿನವಾದ ಗಾಳಿಯನ್ನೂ ವರದಿ ಗುರುತಿಸಿತು.

ಗಾಳಿಗೂ ಸಕ್ಕರೆಗೂ ಎತ್ತಣ ಸಂಬಂಧ? ಉಂಡ ಅನ್ನ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ, ಅದನ್ನು ಜೀವಕೋಶಗಳೊಳಕ್ಕೆ ಸೇರಿಸುವ ಕೀಲಿಕೈ ಇನ್ಸುಲಿನ್. ಹೊಟ್ಟೆಯ ಸುತ್ತ ಕೊಬ್ಬು ಬೆಳೆದವರಲ್ಲಿ ಆ ಕೊಬ್ಬೇ ಉರಿಯೂತದ ರಸಾಯನಗಳನ್ನು ಸ್ರವಿಸಿ ಬೀಗಕ್ಕೆ ತುಕ್ಕು ಹಿಡಿಸುತ್ತದೆ. ವಾಹನಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್, ಬಿಸಿಲಿನಲ್ಲಿ ಆ ಹೊಗೆಯಿಂದ ಹುಟ್ಟುವ ಓಜೋನ್, ಕಣ್ಣಿಗೆ ಕಾಣದ ನುಣ್ಣನೆಯ ಕಣಗಳು ಶ್ವಾಸಕೋಶವನ್ನು ಹೊಕ್ಕು ಅಂಥದೇ ಉರಿಯೂತವನ್ನು ಎಬ್ಬಿಸುತ್ತವೆ. ಸ್ಥೂಲಕಾಯರ ಪಾಲಿಗೆ ಇದು ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ.

ಇದು ಬರಿಯ ಊಹೆಯಲ್ಲ. ಅಮೆರಿಕದಲ್ಲಿ 24 ಮಂದಿ ಆರೋಗ್ಯವಂತರಿಗೆ ಎರಡು ಗಂಟೆಗಳ ಕಾಲ ಓಜೋನ್ ಬೆರೆತ ಗಾಳಿಯನ್ನು ಉಸಿರಾಡಿಸಿದಾಗ, ಅವರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನೂ ಕೊಬ್ಬಿನಾಮ್ಲಗಳೂ ಏರಿದವೆಂದು 2016ರಲ್ಲಿ ಪ್ರಕಟವಾಯಿತು. ಇವೆರಡೂ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡಬರುವಂಥವು. ಚೆನ್ನೈ ಮತ್ತು ದೆಹಲಿಯ 12,000ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವು 2023ರಲ್ಲಿ ಹೊರಬಿದ್ದಿತು. ವಾರ್ಷಿಕ ಸರಾಸರಿಯಲ್ಲಿ ಒಂದು ಘನಮೀಟರ್ ಗಾಳಿಗೆ 10 ಮೈಕ್ರೋಗ್ರಾಂ ನುಣ್ಣನೆಯ ಕಣ ಹೆಚ್ಚಿದರೆ ಮಧುಮೇಹದ ಸಂಭವ ಶೇಕಡಾ 22ರಷ್ಟು ಹೆಚ್ಚು ಕಂಡುಬಂದಿತು.

ದೊಡ್ಡ ನಗರಗಳ ದಟ್ಟ ಹೊಗೆ ಹೇಮಾವತಿಯ ತೀರದಲ್ಲಿ ಇಲ್ಲದಿರಬಹುದು. ಆದರೆ ಹೊಗೆ ಹೆದ್ದಾರಿಯಿಂದಲೇ ಬರಬೇಕೆಂದಿಲ್ಲ. ಸೌದೆಯ ಒಲೆಯಿಂದಲೂ, ಬೆರಳ ಸಂದಿಯ ಬೀಡಿಯಿಂದಲೂ ಬರುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರ ಹೊಗೆಸೊಪ್ಪಿನ ಮಾರುಕಟ್ಟೆಗೆ ಹೆಸರಾದ ಊರು. ಆ ಸೊಪ್ಪಿನ ಹೊಗೆಯನ್ನು ಸೇದುವವರಿಗೆ ಮಧುಮೇಹ ಬರುವ ಸಂಭವ ಸೇದದವರಿಗಿಂತ ಶೇಕಡಾ 30ರಿಂದ 40ರಷ್ಟು ಅಧಿಕವೆಂದು ಅಮೆರಿಕದ ಸರ್ಜನ್ ಜನರಲರ 2014ರ ವರದಿ ಹೇಳಿದೆ. ಹೊಗೆಯ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗವನ್ನೇ ಕಸಿದುಕೊಳ್ಳುವುದರಿಂದ ಹೃದಯಕ್ಕೂ ಸಂಕಟ ತಪ್ಪಿದ್ದಲ್ಲ.

ಗಾಳಿಯನ್ನು ಶುದ್ಧಗೊಳಿಸುವುದು ಒಬ್ಬನಿಂದಾಗುವ ಕೆಲಸವಲ್ಲ. ಆದರೆ ಸೊಂಟಕ್ಕೆ ಅಳತೆಯ ಟೇಪು ಸುತ್ತುವುದು ಯಾರಿಗೂ ಸಾಧ್ಯ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಮೀರಿದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಿಕೊಳ್ಳುವುದು ಒಳಿತು. ಅಡಿಗೆಮನೆಯ ಹೊಗೆಗೆ ದಾರಿ ಬಿಡುವುದು, ಬೀಡಿ–ಸಿಗರೇಟನ್ನು ತೊರೆಯುವುದು, ದಿನಕ್ಕೆ ಅರ್ಧ ಗಂಟೆ ವಾಹನಗಳಿಲ್ಲದ ಹಾದಿಯಲ್ಲಿ ನಡೆಯುವುದು — ಇವು ದುಡ್ಡಿಲ್ಲದ ಔಷಧಗಳು. ಎದೆನೋವು ಬಂದ ಮೇಲೆ ಮೈಸೂರಿಗೆ ಓಡುವುದಕ್ಕಿಂತ, ಅದು ಬರುವ ಮುನ್ನ ಊರಿನ ಆಸ್ಪತ್ರೆಗೆ ಒಮ್ಮೆ ಹೋಗಿಬರುವುದು ಜಾಣತನ.