ದನಗಳ ಗೊರಸಿನ ಕೊಳೆರೋಗವೂ ಕೀಲಿನ ಕೇಡೂ

ಮಳೆಗಾಲದ ಉಳುಮೆಯು ಭರದಿಂದ ಸಾಗುತ್ತಿರುವಾಗ, ಹಿಂದಿನ ಸಂಜೆಯವರೆಗೂ ನೆಟ್ಟಗೆ ನಡೆದಿದ್ದ ಎತ್ತು ಬೆಳಗಾಗುವುದರೊಳಗೆ ಒಂದು ಕಾಲನ್ನು ನೆಲಕ್ಕೆ ಊರಲಾರದೆ ನಿಲ್ಲುವುದನ್ನು ರೈತರಲ್ಲಿ ಅನೇಕರು ಕಂಡಿರಬಹುದು. ಮುಳ್ಳು ಚುಚ್ಚಿರಬೇಕೆಂದು ಎಣಿಸಿ ಸುಮ್ಮನಿರುವುದೂ, ಗಾಯಕ್ಕೆ ಸಗಣಿಯನ್ನು ಮೆತ್ತಿ ಬಟ್ಟೆಯನ್ನು ಬಿಗಿಯಾಗಿ ಸುತ್ತುವುದೂ, ಬರೆ ಹಾಕಿಸುವುದೂ ಉಂಟು. ಹೀಗೆ ಕಳೆದುಹೋಗುವ ಮೂರು ನಾಲ್ಕು ದಿನಗಳಲ್ಲಿಯೇ ಎತ್ತಿನ ಕಾಲು ಉಳಿಯುವುದೋ ಕೆಡುವುದೋ ಎಂಬುದು ಬಹುಮಟ್ಟಿಗೆ ನಿಶ್ಚಯವಾಗುತ್ತದೆ.

ಈ ರೋಗಕ್ಕೆ ಮುಖ್ಯ ಕಾರಣವು ಫ್ಯೂಸೋಬ್ಯಾಕ್ಟೀರಿಯಂ ನೆಕ್ರೋಫೋರಂ ಎಂಬ ಸೂಕ್ಷ್ಮಜೀವಿ. ಗಾಳಿಯಿಲ್ಲದೆಯೂ ಬದುಕುವ ಜೀವಿಗಳುಂಟೆಂಬುದನ್ನು ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಎಂಬ ವಿಜ್ಞಾನಿಯು ೧೮೬೧ರಲ್ಲಿ ತೋರಿಸಿಕೊಟ್ಟನು. ಇದೂ ಆ ವರ್ಗಕ್ಕೆ ಸೇರಿದುದು. ಪ್ರಾಣವಾಯುವೇ ಇದಕ್ಕೆ ವಿಷ. ದನಗಳ ಕರುಳಿನಲ್ಲಿಯೂ ಸಗಣಿಯಲ್ಲಿಯೂ ಇದು ಇರುತ್ತದೆ. ಕೆಸರಿನಲ್ಲಿ ನೆನೆದು ಮೆತ್ತಗಾದ ಗೊರಸಿನ ಸಂದಿನ ಚರ್ಮವು ಕಲ್ಲು, ಕೂಳೆ ಮುಂತಾದುವು ತಗಲಿ ಗೀರಿದರೆ ಈ ಕ್ರಿಮಿಯು ಒಳಹೊಗುವುದು. ಅದರೊಡನೆ ಸೇರಿದ ಬೇರೆ ಕ್ರಿಮಿಗಳು ಅಲ್ಲಿನ ಪ್ರಾಣವಾಯುವನ್ನು ಹೀರಿಬಿಡುವುದರಿಂದ ಇದಕ್ಕೆ ಮತ್ತಷ್ಟು ಅನುಕೂಲವಾಗುತ್ತದೆ. ಗಾಯವನ್ನು ಸಗಣಿಯಿಂದ ಮುಚ್ಚುವವನು ತಿಳಿಯದೆ ಶತ್ರುವಿಗೇ ಆಶ್ರಯವನ್ನು ಕಲ್ಪಿಸಿಕೊಟ್ಟಂತಾಗುವುದು.

ಥಟ್ಟನೆ ಕುಂಟುವುದು, ಜ್ವರ, ಗೊರಸಿನ ಎರಡು ಹೋಳುಗಳ ಮೇಲೂ ಸಮನಾದ ಬಾವು, ಸಂದಿನ ಚರ್ಮ ಬಿರಿದು ದುರ್ಗಂಧವುಂಟಾಗುವುದು, ಇವು ಮೊದಲಿನ ಲಕ್ಷಣಗಳು. ಬಾಯಲ್ಲಿಯೂ ಹುಣ್ಣುಗಳಿದ್ದು, ಹಲವು ದನಗಳು ಒಟ್ಟಿಗೆ ಬಿದ್ದರೆ ಅದು ಕಾಲುಬಾಯಿ ಜ್ವರವಿರಬಹುದು. ಅದರ ಕ್ರಮವೇ ಬೇರೆ.

ಈ ಹಂತದಲ್ಲಿ ಚಿಕಿತ್ಸೆ ಸುಲಭ. ಕಾಲನ್ನು ತೊಳೆದು, ಸಂದಿನಲ್ಲಿ ಕಲ್ಲುಮುಳ್ಳುಗಳಿದ್ದರೆ ತೆಗೆದು, ದನವನ್ನು ಒಣನೆಲದಲ್ಲಿ ಕಟ್ಟಬೇಕು. ಗಾಯವನ್ನು ಗಾಳಿಗೆ ತೆರೆದಿಡಬೇಕು. ಪಶುವೈದ್ಯರು ಪೆನಿಸಿಲಿನ್ ಅಥವಾ ಆಕ್ಸಿಟೆಟ್ರಸೈಕ್ಲಿನ್ ಮುಂತಾದ ಔಷಧಿಯನ್ನು ಚುಚ್ಚಿದರೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಗುಣ ಕಾಣುವುದು. ಅಂಗಡಿಯಿಂದ ಕೈಗೆ ಸಿಕ್ಕಿದ ಔಷಧಿಯನ್ನು ತರತಕ್ಕದ್ದಲ್ಲ. ಸ್ಟ್ರೆಪ್ಟೊಮೈಸಿನ್, ಜೆಂಟಾಮೈಸಿನ್ ಮೊದಲಾದುವು ಕ್ರಿಮಿಯ ಒಡಲನ್ನು ಸೇರಲು ಪ್ರಾಣವಾಯು ಬೇಕು. ಆದಕಾರಣ ಗಾಳಿಯನ್ನೊಲ್ಲದ ಕ್ರಿಮಿಗಳ ಮೇಲೆ ಅವು ನಡೆಯುವುದಿಲ್ಲ. ಔಷಧಿ ಕೊಟ್ಟ ಹಸುವಿನ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಉಪಯೋಗಿಸಕೂಡದು.

ಮೂರು ದಿನಗಳಾದರೂ ಗುಣ ಕಾಣದೆ, ಬಾವು ಒಂದೇ ಹೋಳಿನ ಮೇಲೆ ನಿಂತು ನೋವು ಹೆಚ್ಚಿದರೆ, ರೋಗವು ಗೊರಸಿನೊಳಗಿನ ಕೀಲನ್ನು ಹೊಕ್ಕಿರಬಹುದೆಂದು ತಿಳಿಯಬೇಕು. ಎಲುಬುಗಳ ತುದಿಯನ್ನು ಹೊದ್ದಿರುವ ನುಣುಪಾದ ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಅದು ಒಮ್ಮೆ ಕರಗಿದರೆ ಮೊದಲಿನಂತೆ ಬೆಳೆಯುವುದಿಲ್ಲ. ಸತ್ತ ಮಾಂಸವೂ ಕೀವೂ ತುಂಬಿದ ಎಡೆಗೆ ಔಷಧಿಯೂ ಸರಿಯಾಗಿ ಮುಟ್ಟಲಾರದು. ಆಗ ವೈದ್ಯರು ಕೀಲನ್ನು ತೊಳೆದು, ದೀರ್ಘಕಾಲ ಔಷಧಿಯನ್ನು ಕೊಟ್ಟು, ಭಾರವು ರೋಗದ ಹೋಳಿನ ಮೇಲೆ ಬೀಳದಂತೆ ಒಳ್ಳೆಯ ಹೋಳಿಗೆ ಮರದ ತುಂಡನ್ನು ಅಂಟಿಸುವುದುಂಟು. ಇದರಿಂದಲೂ ಸಾಗದಿದ್ದರೆ, ಮರವಿನ ಮದ್ದನ್ನು ಚುಚ್ಚಿ ಆ ಬೆರಳನ್ನೇ ಕತ್ತರಿಸಬೇಕಾಗುವುದು. ಉಳಿದ ಒಂದು ಹೋಳಿನ ಮೇಲೆ ಹಸುವು ನಡೆದಾಡಿ ಹಾಲು ಕೊಡಬಲ್ಲುದು. ನೊಗಕ್ಕೆ ಹೆಗಲು ಕೊಡುವ ಎತ್ತಿಗೆ ಮಾತ್ರ ಇದು ದೊಡ್ಡ ನಷ್ಟವೇ ಸರಿ.

ರೋಗ ಬಾರದಂತೆ ನೋಡಿಕೊಳ್ಳುವುದೇ ಮೇಲು. ಕೊಟ್ಟಿಗೆಯ ಬಾಗಿಲಿನಲ್ಲಿಯೂ ನೀರಿನ ತೊಟ್ಟಿಯ ಸುತ್ತಲೂ ಕೆಸರು ನಿಲ್ಲದಂತೆ ಮಾಡಬೇಕು. ೧೦೦ ಲೀಟರು ನೀರಿಗೆ ೫ ಕಿಲೋಗ್ರಾಂ ಮೈಲುತುತ್ತವನ್ನು ಕರಗಿಸಿ, ತೊಳೆದ ಕಾಲುಗಳನ್ನು ಅದರಲ್ಲಿ ಅದ್ದಿ ನಡೆಸಬಹುದು. ಕುರಿಗಳಿಗೆ ತಾಮ್ರವು ಸುಲಭವಾಗಿ ವಿಷವಾಗುವುದರಿಂದ, ಅವುಗಳಿಗೆ ೧೦೦ ಲೀಟರಿಗೆ ೧೦ ಕಿಲೋಗ್ರಾಂ ಸತುವಿನ ಸಲ್ಫೇಟು ಉತ್ತಮ. ಯಾವ ದ್ರಾವಣವನ್ನೂ ಪ್ರಾಣಿಗಳು ಕುಡಿಯದಂತೆ ಎಚ್ಚರವಿರಬೇಕು. ಬಳಸಿದುದನ್ನು ಕೆರೆಗೂ ಗದ್ದೆಗೂ ಚೆಲ್ಲಬಾರದು.

ಆದುದರಿಂದ ರೈತರು ಪ್ರತಿದಿನವೂ ನೊಗ ಬಿಚ್ಚಿದ ಮೇಲೆ ಎತ್ತಿನ ಕಾಲನ್ನು ತೊಳೆದು, ಗೊರಸಿನ ಸಂದನ್ನು ನೋಡುವ ಅಭ್ಯಾಸವನ್ನಿಟ್ಟುಕೊಳ್ಳಬೇಕು. ಕುಂಟು ಕಂಡ ದಿನವೇ ಹತ್ತಿರದ ಪಶುವೈದ್ಯಶಾಲೆಗೆ ತಿಳಿಸಿದರೆ, ಎತ್ತು ಬೇಗನೆ ಮತ್ತೆ ಉಳುಮೆಗೆ ಒದಗುವುದು.