ಕೂಸಿನ ಕಿವಿ ಮುದುಡಿದ್ದರೆ...

ಕೂಸು ಹುಟ್ಟಿದ ಸುದ್ದಿ ಬಂದರೆ ನಾವು ಹೆಂಗಸರು ಕೇಳುವುದು ಗಂಡೋ ಹೆಣ್ಣೋ, ಯಾರನ್ನು ಹೋಲುತ್ತದೆ, ಬಣ್ಣ ಹೇಗಿದೆ ಎಂದು. ಕಿವಿಯ ವಿಚಾರ ಯಾರೂ ಎತ್ತುವುದಿಲ್ಲ. ಅದರಲ್ಲೇನಾದರೂ ಹೆಚ್ಚುಕಡಿಮೆ ಕಂಡಾಗ ಮಾತ್ರ ನೋಡಿ, ಬಾಣಂತಿ ಕೋಣೆಯಲ್ಲಿ ಪಿಸುಮಾತು ಶುರು. "ಗ್ರಾಣದಾಗ ಹೊರಗ ಬಂದಿದ್ದಳೇನ?" "ಈಳಿಗಿ ಹಿಡಕೊಂಡು ಕಾಯಿಪಲ್ಲೆ ಹೆಚ್ಚಿರಬೇಕು ಬಿಡವ್ವಾ." ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆ ಈ ಮಾತು ಕೇಳದ ಮನೆ ಕಡಿಮೆ. ಹೊತ್ತು ಹೆತ್ತವಳ ತಲೆಗೇ ತಪ್ಪು ಕಟ್ಟುವುದು ನಮಗೆ ಎಷ್ಟು ಸುಲಭ!

ಗ್ರಹಣಕ್ಕೂ ಕಿವಿಗೂ ಯಾವ ಸಂಬಂಧವೂ ಇಲ್ಲ. ಹೊರಗಿವಿ ಮೂಡತೊಡಗುವುದು ಗರ್ಭದ ಎರಡನೆಯ ತಿಂಗಳಲ್ಲಿ. ಆರು ಸಣ್ಣ ಗುಬ್ಬಿಗಳು ಒಂದಕ್ಕೊಂದು ಕೂಡಿ ಕಿವಿಯ ಆಕಾರವಾಗುತ್ತದೆ. ಎಷ್ಟೋ ಮಂದಿಗೆ ಆಗಿನ್ನೂ ತಾವು ಬಸಿರೆಂದೇ ಗೊತ್ತಿರುವುದಿಲ್ಲ. ಆ ಕೂಡುವಿಕೆಯಲ್ಲಿ ತೊಡಕಾದರೆ ಕಿವಿ ಚಿಕ್ಕದಾಗುತ್ತದೆ, ಇಲ್ಲವೆ ಮುದುಡುತ್ತದೆ. ಬಹಳ ಸಲ ಕಾರಣವೇ ಸಿಗುವುದಿಲ್ಲ. ಕೆಲವು ಮನೆತನಗಳಲ್ಲಿ ಇಳಿದು ಬಂದಿರುತ್ತದೆ. ಮೊಡವೆಗೆಂದು ನುಂಗುವ ಐಸೊಟ್ರೆಟಿನಾಯಿನ್ ಎಂಬ ಮಾತ್ರೆ ಬಸಿರಲ್ಲಿ ಕೂಸಿನ ಕಿವಿಗೂ ಮಿದುಳಿಗೂ ಹೃದಯಕ್ಕೂ ಕೆಟ್ಟದ್ದು. ಮದುವೆಯಾದ ಹೆಣ್ಣುಮಕ್ಕಳು ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ತರುವ ಮಾತ್ರೆ ಅದಲ್ಲ.

ಕೂಸಿಗೆ ಎರೆಯುವ ಅಜ್ಜಿಯರು ಮೂಗು ತೀಡಿ, ಕಿವಿ ಒತ್ತಿ ತಿದ್ದುವುದನ್ನು ನೀವು ಕಂಡೇ ಇರುತ್ತೀರಿ. ಅವರು ಒಂದು ಸಂಗತಿಯನ್ನು ಸರಿಯಾಗಿಯೇ ಗುರುತಿಸಿದ್ದರು: ಎಳೆಗೂಸಿನ ಕಿವಿ ಬಲು ಮೆತ್ತಗೆ. ತಾಯಿಯ ರಕ್ತದಿಂದ ಬಂದ ಹಾರ್ಮೋನು ಇರುವವರೆಗೆ ಕಿವಿಯ ಮೃದ್ವಸ್ಥಿ ಹಿಟ್ಟಿನಂತೆ ಬಾಗುತ್ತದೆ, ಕೆಲವು ವಾರಗಳಲ್ಲಿ ಬಿರುಸಾಗುತ್ತದೆ. ಆದರೆ ದಿನಕ್ಕೊಮ್ಮೆ ಎಣ್ಣೆಗೈಯಲ್ಲಿ ಒತ್ತಿದರೆ ಸಾಲದು. ಮಡಚಿದ ಅಥವಾ ಮುಂದೆ ಬಾಗಿದ ಕಿವಿಗೆ ವೈದ್ಯರು ಮೆತ್ತನೆಯ ಅಚ್ಚು ಕೂಡಿಸಿ ಅಂಟುಪಟ್ಟಿಯಿಂದ ಹಲವು ವಾರ ಹಗಲಿರುಳೂ ಹಿಡಿಸುತ್ತಾರೆ. ಮೊದಲ ಎರಡು ಮೂರು ವಾರದೊಳಗೆ ಹಚ್ಚಿದರೆ ಎಷ್ಟೋ ಕಿವಿಗಳು ಕತ್ತರಿ ಕಾಣದೆಯೇ ನೇರಾಗುತ್ತವೆ. ಬಾಣಂತನ ಮುಗಿಯಲಿ, ಆಮೇಲೆ ನೋಡಿದರಾಯಿತು ಎಂದು ಕುಳಿತರೆ ಆ ಅವಕಾಶ ಹೋದಂತೆಯೇ.

ಹೊತ್ತು ಮೀರಿದ್ದರೆ ಶಸ್ತ್ರಚಿಕಿತ್ಸೆಯಿದೆ. ಇದೇನು ಹೊಸ ವಿದ್ಯೆಯಲ್ಲ. ಹರಿದ ಕಿವಿಹಾಲೆ ಜೋಡಿಸುವ ಹದಿನೈದು ವಿಧಾನಗಳನ್ನು ನಮ್ಮ ಸುಶ್ರುತ ಸಂಹಿತೆ ಹೇಳುತ್ತದೆ, ಕೆನ್ನೆಯ ಚರ್ಮ ತಂದು ಕಟ್ಟುವುದೂ ಅದರಲ್ಲಿದೆ. ಮೊರದಂತೆ ಮುಂಚಾಚಿದ ಕಿವಿಯಾದರೆ ಹಿಂಬದಿಯಲ್ಲಿ ಕೊಯ್ದು, ಮೃದ್ವಸ್ಥಿಯನ್ನು ಮಡಚಿ ಹೊಲಿಯುತ್ತಾರೆ. ಗಾಯದ ಗೆರೆ ಕಿವಿಯ ಹಿಂದೆ ಅಡಗುತ್ತದೆ. ಐದಾರು ವರ್ಷಕ್ಕೆ ಕಿವಿ ಹೆಚ್ಚುಕಡಿಮೆ ಪೂರ್ತಿ ಬೆಳೆದಿರುವುದರಿಂದ ಆಮೇಲೆಯೇ ಇದನ್ನು ಮಾಡುವುದು. ಹುಡುಗನಿಗೇ ಬೇಸರವಿಲ್ಲದಿದ್ದರೆ ನೆಂಟರ ಬಾಯಿಗೆ ಹೆದರಿ ಕೊಯ್ಯಿಸುವುದು ಬೇಡವೆಂದು ನನ್ನ ಅನಿಸಿಕೆ. ಶಾಲೆಯಲ್ಲಿ "ಆನಿಕಿವಿ" ಎಂದು ಕಾಡಿಸಿಕೊಂಡು ಅಳುತ್ತ ಬಂದರೆ ಆ ಮಾತು ಬೇರೆ.

ಕಿವಿಯೇ ಮೂಡದೆ ಕಡಲೆಯಷ್ಟು ಗಂಟು ಮಾತ್ರ ಇದ್ದರೆ ಕೆಲಸ ದೊಡ್ಡದು. ಎದೆಯ ಪಕ್ಕೆಲುಬಿನ ಮೃದ್ವಸ್ಥಿ ತೆಗೆದು, ಕಿವಿಯಂತೆ ಕೆತ್ತಿ ಚರ್ಮದಡಿ ಇಡುತ್ತಾರೆ. ಕೆಲವು ತಿಂಗಳು ಬಿಟ್ಟು ಅದನ್ನು ಮೇಲೆತ್ತುತ್ತಾರೆ. ಪಕ್ಕೆಲುಬು ಸಾಕಷ್ಟು ಬೆಳೆಯಬೇಕಾದ್ದರಿಂದ ಕೆಲವರು ಆರು ವರ್ಷಕ್ಕೆ, ಹಲವರು ಹತ್ತರ ಸುಮಾರಿಗೆ ಮಾಡುತ್ತಾರೆ. ಎದೆ ಕೆಲವು ದಿನ ನೋಯುತ್ತದೆ. ಅಂಥ ಕೂಸಿಗೆ ಪತ್ತಾರರನ್ನು ಕರೆಸಿ ಕಿವಿ ಚುಚ್ಚಿಸುವ ಅವಸರ ಮಾಡಬೇಡಿ, ಮೊದಲು ಡಾಕ್ಟರನ್ನು ಕೇಳಿ. ಆ ಜಾಗದ ಚರ್ಮ ಗಾಯವಿಲ್ಲದೆ ಇದ್ದರೇ ಒಳ್ಳೆಯದು.

ಇನ್ನು ಎಲ್ಲಕ್ಕಿಂತ ಮುಖ್ಯ, ಕೇಳುವುದು. ಕಟ್ಟಿದ ಹೊಸ ಕಿವಿ ನೋಟಕ್ಕಷ್ಟೇ. ಹೊರಗಿವಿ ಮೂಡದವರಲ್ಲಿ ಕಿವಿಯ ತೂತೂ ಮುಚ್ಚಿರುವುದು ಸಾಮಾನ್ಯ, ಒಳಗಿವಿ ಮಾತ್ರ ಹೆಚ್ಚಿನವರಲ್ಲಿ ಚೆನ್ನಾಗಿಯೇ ಇರುತ್ತದೆ. ಎರಡೂ ಕಡೆ ಮುಚ್ಚಿದ್ದರೆ ತಲೆಪಟ್ಟಿಗೆ ಕಟ್ಟಿ ಎಲುಬಿನ ಮೂಲಕ ಶಬ್ದ ಮುಟ್ಟಿಸುವ ಯಂತ್ರವನ್ನು ಕೆಲವೇ ತಿಂಗಳ ಕೂಸಿಗೂ ಹಾಕಬಹುದು. ಹಾಕದಿದ್ದರೆ ಮಾತೇ ಹಿಂದುಳಿಯುತ್ತದೆ. ಆಕಾರಕ್ಕೆ ಹತ್ತು ವರ್ಷ ಕಾಯಬಹುದು, ಮಾತಿಗೆ ಕಾಯುವ ಹಾಗಿಲ್ಲ.

ಬ್ಯಾಡಗಿಯಲ್ಲಿ ನನ್ನ ತವರಿನ ಓಣಿಯ ಹುಡುಗನೊಬ್ಬನಿಗೆ ಬಲಗಿವಿ ಇಲ್ಲ. ಎಡಗಿವಿ ಗೋಡೆಯ ಕಡೆ ಮಾಡಿ ಕೂತಿದ್ದಕ್ಕೆ ಮಾಸ್ತರರ ಮಾತು ಅರ್ಧಮರ್ಧ ಕೇಳಿ ದಡ್ಡನೆನಿಸಿಕೊಂಡಿದ್ದ. ಅವರವ್ವ ಶಾಲೆಗೆ ಹೋಗಿ, "ಇವನ್ನ ಆ ಕಡೆ ಮುಂದಿನ ಸಾಲಿನ್ಯಾಗ ಕುಂದರಸ್ರಿ ಸರ" ಎಂದು ಜಾಗ ಬದಲಿಸಿದಳು. ಈಗ ಲೆಕ್ಕದಲ್ಲಿ ಅವನೇ ಮುಂದು. ಆಪರೇಷನ್ ಇನ್ನೂ ಆಗಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಡಾಕ್ಟರುಗಳು ಅಂಗನವಾಡಿ, ಶಾಲೆಗಳಿಗೆ ಬರುತ್ತಾರೆ. ಹುಟ್ಟು ಕಿವುಡನ್ನೂ ನೋಡುತ್ತಾರೆ. ಅವರಿಗೆ ಕೂಸಿನ ಟೊಪ್ಪಿಗೆ ತೆಗೆದು ತೋರಿಸಿ, ಮುಚ್ಚಿಡಬೇಡಿ. ಹಾವೇರಿಯ ಜಿಲ್ಲಾ ಆಸ್ಪತ್ರೆಯ ಕಿವಿ-ಮೂಗು-ಗಂಟಲು ವೈದ್ಯರಿಂದ ಚೀಟಿ ಬರೆಸಿಕೊಂಡರೆ ಹುಬ್ಬಳ್ಳಿ ದೂರವೇನಲ್ಲ, ಮೂರೂ ಊರಿಗೆ ರೈಲಿದೆ. ಅಲ್ಲಿ 1957ರಲ್ಲಿ ಶುರುವಾದ, ನಮ್ಮ ಹಿರಿಯರು ಇಂದಿಗೂ ಕೆ.ಎಂ.ಸಿ. ಎನ್ನುವ ಸರಕಾರಿ ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ ಸರ್ಜನ್ ಯಾವ ದಿನ ನೋಡುತ್ತಾರೆಂದು ಮೊದಲೇ ವಿಚಾರಿಸಿ ಹೋಗಿ. ಆಧಾರ್, ರೇಷನ್ ಕಾರ್ಡು, ತಾಯಿ ಕಾರ್ಡು ಒಂದೇ ಚೀಲದಲ್ಲಿರಲಿ. ಈ ಆಪರೇಷನ್ನು ಯೋಜನೆಯೊಳಗೆ ಬರುತ್ತದೋ ಇಲ್ಲವೋ ಎಂಬುದನ್ನು ಅಲ್ಲಿರುವ ಆರೋಗ್ಯ ಮಿತ್ರರನ್ನೇ ಕೇಳಿ, ದುಡ್ಡು ಕಟ್ಟುವ ಮೊದಲೇ.