ಪಶ್ಚಿಮದ ಏಕಾಕಿ ಉಪಾಸಕರು

ಲ್ಯಾಟಿನ್ ಭಾಷೆಯಲ್ಲಿ ‘ಪಾಗಾನುಸ್’ ಎಂದರೆ ಹಳ್ಳಿಗ. ನಮ್ಮ ‘ಗ್ರಾಮ್ಯ’ ಶಬ್ದದಂತೆಯೇ ಅದೂ ಮೊದಲು ವಾಸಸ್ಥಳವನ್ನು ಸೂಚಿಸಿ, ಕಾಲಕ್ರಮದಲ್ಲಿ ನಿಂದೆಯ ಮಾತಾಯಿತು. ರೋಮ್ ಸಾಮ್ರಾಜ್ಯವು ಕ್ರೈಸ್ತಮತವನ್ನು ಅವಲಂಬಿಸಿದ ಮೇಲೆ, ಹಳೆಯ ದೇವತೆಗಳನ್ನು ಬಿಡದೆ ಪೂಜಿಸುತ್ತಿದ್ದವರಿಗೆಲ್ಲ ಆ ಹೆಸರು ಅಂಟಿಕೊಂಡಿತು. ಇಂದು ಇಂಗ್ಲೆಂಡು, ಅಮೆರಿಕಾ ಮೊದಲಾದ ದೇಶಗಳಲ್ಲಿ ಕೆಲವರು ಅದೇ ಹೆಸರನ್ನು ಅಭಿಮಾನದಿಂದ ತಾವೇ ಇಟ್ಟುಕೊಂಡಿದ್ದಾರೆ. ಭೂಮಿ, ಚಂದ್ರ, ಋತುಗಳಲ್ಲಿ ದೈವವನ್ನು ಕಾಣತಕ್ಕವರು ಇವರು. ಇಂಗ್ಲೆಂಡು ಮತ್ತು ವೇಲ್ಸಿನ 2021ನೆಯ ಇಸವಿಯ ಜನಗಣತಿಯಲ್ಲಿ ಸುಮಾರು 74,000 ಮಂದಿ ತಮ್ಮನ್ನು ಪೇಗನ್ನರೆಂದೂ, ಇನ್ನು ಸುಮಾರು 13,000 ಮಂದಿ ಅದೇ ಬಳಗಕ್ಕೆ ಸೇರಿದ ವಿಕ್ಕಾ ಮತದವರೆಂದೂ ಬರೆಯಿಸಿದರು. ಇಂಥವರ ನಡುವೆ ಗುಡಿ, ಗುರು, ಸಂಗಡಿಗರು ಒಂದೂ ಇಲ್ಲದೆ ಒಬ್ಬೊಬ್ಬರೇ ಪೂಜೆಮಾಡಿಕೊಳ್ಳುವವರು ಬಹುಮಂದಿ ಉಂಟು. ಅವರ ವಿಚಾರವನ್ನು ನಾವು ವಾಚಕರ ಮುಂದಿಡಬೇಕೆಂದಿದ್ದೇವೆ. ಗುರುವಿಲ್ಲದೆ ಪಡೆದ ವಿದ್ಯೆಗೆ ಬೆಲೆಯುಂಟೆ ಎಂಬುದು ನಮ್ಮಲ್ಲಿ ಹಳೆಯ ಪ್ರಶ್ನೆ. ಅದೇ ಪ್ರಶ್ನೆ ಅಲ್ಲಿಯೂ ಎದ್ದಿದೆ.

ವಿಕ್ಕಾ ಮತವನ್ನು ಲೋಕಕ್ಕೆ ಪ್ರಕಟಪಡಿಸಿದವರು ಜೆರಾಲ್ಡ್ ಗಾರ್ಡ್ನರ್ (1884–1964) ಎಂಬ ಆಂಗ್ಲ ಮಹಾಶಯರು. ಸಿಂಹಳದ ತೋಟಗಳಲ್ಲಿಯೂ ಮಲಯದ ಸುಂಕದ ಇಲಾಖೆಯಲ್ಲಿಯೂ ದುಡಿದು, 1936ರಲ್ಲಿ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದವರು. ಮಾಟಮಂತ್ರಗಳಿಗೆ ಸಂಬಂಧಿಸಿದ 1735ರ ಕಾನೂನು 1951ರಲ್ಲಿ ರದ್ದಾಯಿತು. 1954ರಲ್ಲಿ ಅವರು ಈ ಮತವನ್ನು ಕುರಿತು ಗ್ರಂಥವನ್ನು ಹೊರತಂದರು. ಅವರ ಸಂಪ್ರದಾಯದಲ್ಲಿ ದೀಕ್ಷೆಯಿಲ್ಲದವರಿಗೆ ಪ್ರವೇಶವಿಲ್ಲ. ಪುರುಷನಿಗೆ ಸ್ತ್ರೀಯೂ ಸ್ತ್ರೀಗೆ ಪುರುಷನೂ ದೀಕ್ಷೆ ಕೊಡತಕ್ಕದ್ದು. ಪೂಜೆಯು ಸಣ್ಣ ಮಂಡಲಿಯೊಳಗೆ ಗೋಪ್ಯವಾಗಿ ನಡೆಯತಕ್ಕದ್ದು. ವಿಧಿಗಳ ಪುಸ್ತಕವನ್ನು ಶಿಷ್ಯರು ಕೈಯಾರೆ ಪ್ರತಿಮಾಡಿಕೊಳ್ಳತಕ್ಕದ್ದು.

ಈ ಕಟ್ಟನ್ನು ಸಡಿಲಿಸಿದವರಲ್ಲಿ ಗಾರ್ಡ್ನರರ ಶಿಷ್ಯೆಯೇ ಒಬ್ಬರು. 1953ರಲ್ಲಿ ಅವರಿಂದ ದೀಕ್ಷೆ ಪಡೆದಿದ್ದ ಡೊರೀನ್ ವ್ಯಾಲಿಯೆಂಟ್ ಎಂಬಾಕೆ, 1978ರ ತಮ್ಮ ಗ್ರಂಥದಲ್ಲಿ ಸಾಧಕನು ತನಗೆ ತಾನೇ ದೀಕ್ಷೆ ಕೊಟ್ಟುಕೊಳ್ಳುವ ವಿಧಿಯನ್ನು ಅಚ್ಚುಹಾಕಿಸಿದರು. ಹತ್ತು ವರ್ಷಗಳ ಮೇಲೆ, 1988ರಲ್ಲಿ, ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೋ ನಗರದಲ್ಲಿದ್ದ ಸ್ಕಾಟ್ ಕನ್ನಿಂಗ್‌ಹ್ಯಾಮ್ ಎಂಬ ಲೇಖಕರು ಏಕಾಕಿ ಸಾಧಕರಿಗೆಂದೇ ಒಂದು ಕೈಪಿಡಿಯನ್ನು ಬರೆದರು. ಅವರು 1993ರಲ್ಲಿ, ಇನ್ನೂ ಮೂವತ್ತಾರರ ಪ್ರಾಯದಲ್ಲಿ ತೀರಿಕೊಂಡರೂ, ಆ ಕೈಪಿಡಿ ಅಸಂಖ್ಯಾತ ಓದುಗರಿಗೆ ಗುರುಸ್ಥಾನದಲ್ಲಿ ನಿಂತಿತು.

ದೀಕ್ಷೆ ಪಡೆದವರು ಸುಮ್ಮನಿರಲಿಲ್ಲ. ಪುಸ್ತಕ ಓದಿ ಉಪಾಸಕರಾಗುವುದೆಂದರೇನು ಎಂದು ಆಕ್ಷೇಪಿಸಿದರು. ಮೊಟ್ಟಮೊದಲಿನವನಿಗೆ ದೀಕ್ಷೆ ಕೊಟ್ಟವರಾರು ಎಂದು ಏಕಾಕಿಗಳು ಮರುಪ್ರಶ್ನೆ ಹಾಕಿದರು. ಈ ವಾದದಲ್ಲಿ ಇತಿಹಾಸಕಾರರ ಮಾತೂ ಬಂದು ಸೇರಿತು. ತಮ್ಮದು ಕ್ರೈಸ್ತಮತಕ್ಕಿಂತ ಹಿಂದಿನಿಂದ ಗುಟ್ಟಾಗಿ ಉಳಿದುಬಂದ ಧರ್ಮವೆಂದು ಗಾರ್ಡ್ನರರು ಸಾರಿದ್ದರು. ಬ್ರಿಸ್ಟಲ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ರೊನಾಲ್ಡ್ ಹಟನ್ ಅವರು 1999ರ ತಮ್ಮ ಗ್ರಂಥದಲ್ಲಿ, ಅದು ಇಪ್ಪತ್ತನೆಯ ಶತಮಾನದಲ್ಲಿಯೇ ರೂಪುಗೊಂಡುದೆಂದು ಸಾಧಾರವಾಗಿ ತೋರಿಸಿದರು. ಪರಂಪರೆಯೇ ಹೊಸದಾದ ಮೇಲೆ, ಅದರ ಬಲದಿಂದ ಒಬ್ಬರನ್ನು ಒಳಗೂ ಇನ್ನೊಬ್ಬರನ್ನು ಹೊರಗೂ ಇಡುವುದು ಕಷ್ಟವಲ್ಲವೆ?

ಇವರ ಪೂಜೆಗೆ ಬೇಕಾದ ಸಾಮಗ್ರಿ ಅಲ್ಪ. ಒಂದು ಪುಟ್ಟ ಮೇಜು, ದೇವಿಗೊಂದು, ದೇವನಿಗೊಂದು ಮೇಣದ ಬತ್ತಿ, ಬಟ್ಟಲಲ್ಲಿ ನೀರು, ಉಪ್ಪು, ಧೂಪ, ಏನನ್ನೂ ಕತ್ತರಿಸಲು ಬಳಸದ ಒಂದು ಚೂರಿ. ಸಾಧಕರು ತಮ್ಮ ಸುತ್ತಲೂ ವೃತ್ತವನ್ನು ಭಾವಿಸಿಕೊಂಡು, ಪೂರ್ವಕ್ಕೆ ವಾಯು, ದಕ್ಷಿಣಕ್ಕೆ ಅಗ್ನಿ, ಪಶ್ಚಿಮಕ್ಕೆ ಜಲ, ಉತ್ತರಕ್ಕೆ ಪೃಥ್ವಿ ಎಂದು ನಾಲ್ಕು ಭೂತಗಳನ್ನು ಆವಾಹಿಸುತ್ತಾರೆ. ಐದನೆಯದನ್ನು ಕನ್ನಿಂಗ್‌ಹ್ಯಾಮರು ‘ಆಕಾಶ’ವೆಂದೇ ಕರೆದಿದ್ದಾರೆ. ಬ್ರಹ್ಮವಿದ್ಯಾ ಸಮಾಜದವರ ಗ್ರಂಥಗಳ ಮೂಲಕ ಪಶ್ಚಿಮಕ್ಕೆ ಹೋದ ನಮ್ಮ ಶಬ್ದವು ಎಲ್ಲಿ ಹೋಗಿ ನೆಲೆಸಿದೆಯೆಂಬುದನ್ನು ವಾಚಕರು ಗಮನಿಸಬೇಕು. ಹುಣ್ಣಿಮೆಗಳು ಇವರಿಗೆ ಪರ್ವದಿನಗಳು. ಅಯನಗಳೆರಡು, ವಿಷುವಗಳೆರಡು, ಅವುಗಳ ನಡುನಡುವೆ ಬರುವ ನಾಲ್ಕು, ಹೀಗೆ ವರ್ಷಕ್ಕೆ ಎಂಟು ಹಬ್ಬಗಳು. ಯಾರಿಗೂ ಕೇಡೆಣಿಸದೆ ನಡೆಯತಕ್ಕದ್ದೆಂಬುದೇ ಇವರ ನೀತಿಯ ತಿರುಳು.

ಇವರು ಒಬ್ಬಂಟಿಗರಾಗಿರುವುದಕ್ಕೆ ಕಾರಣಗಳು ಹಲವು. ಹತ್ತಿರದಲ್ಲಿ ಮಂಡಲಿಯಿರದು, ಇದ್ದರೂ ಒಬ್ಬರ ಅಧಿಕಾರಕ್ಕೆ ಒಳಪಡಲು ಮನಸ್ಸಿರದು, ಮನೆಯವರಿಗೂ ಯಜಮಾನರಿಗೂ ತಿಳಿದರೇನು ಗತಿಯೆಂಬ ಅಳುಕು ಕೆಲವರಿಗೆ. ಹೆಲೆನ್ ಬರ್ಜರ್ ಎಂಬ ಸಮಾಜಶಾಸ್ತ್ರಜ್ಞೆಯು 1990ರ ದಶಕದಲ್ಲಿ ಅಮೆರಿಕಾದ ಪೇಗನ್ನರನ್ನು ವಿಚಾರಿಸಿದಾಗ, ಉತ್ತರ ಕೊಟ್ಟವರಲ್ಲಿ ಅರ್ಧದಷ್ಟು ಮಂದಿ ಏಕಾಕಿಗಳಾಗಿದ್ದರು. ಸುಮಾರು ಹದಿನೈದು ವರ್ಷಗಳ ಮೇಲೆ ಮತ್ತೆ ವಿಚಾರಿಸಿದಾಗ ಆ ಪಾಲು ಮುಕ್ಕಾಲನ್ನು ಮೀರಿತ್ತು. ವಿಧಿಯೇ ಏಕಾಕಿಯಾಗಿಸಿದವರೂ ಉಂಟು. ವರ್ಜೀನಿಯಾದ ಸೆರೆವಾಸಿಯೊಬ್ಬನು ಅಂಚೆಯ ಪಾಠಗಳಿಂದ ಈ ಮತವನ್ನು ಕಲಿತು, ಧೂಪ, ಉಪ್ಪು, ಮೇಣದ ಬತ್ತಿ, ಬಿಳಿಯ ನಿಲುವಂಗಿಗಳನ್ನು ಬೇಡಿದನು. ಮೇಲ್ಮನವಿಯ ನ್ಯಾಯಾಲಯವು 1986ರಲ್ಲಿ, ಇದೂ ರಾಜ್ಯಾಂಗದ ರಕ್ಷಣೆಗೆ ತಕ್ಕ ಧರ್ಮವೆಂದು ಒಪ್ಪಿತು. ಸೆರೆಮನೆಯ ಭದ್ರತೆಯ ದೃಷ್ಟಿಯಿಂದ ಸಾಮಗ್ರಿಗಳನ್ನು ಮಾತ್ರ ಕೊಡಿಸಲಿಲ್ಲ.

ನಮ್ಮಲ್ಲಿಯೂ ನಿತ್ಯದ ಉಪಾಸನೆ ಬಹುಮಟ್ಟಿಗೆ ಏಕಾಂತದ್ದೇ. ಸಂಧ್ಯೆಗೆ ಕುಳಿತವನು ಒಬ್ಬನೇ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟವನೂ ಒಬ್ಬನೇ. ಆದರೆ ಮೊದಲಿನವನು ಗೋತ್ರಪ್ರವರಗಳನ್ನು ಹೇಳಿ ಅಭಿವಾದನ ಮಾಡುವಾಗ ಪೂರ್ವಿಕರ ಸಾಲೇ ಬೆನ್ನ ಹಿಂದಿರುತ್ತದೆ. ಎರಡನೆಯವನ ಅಂಗೈಗೆ ಆ ಲಿಂಗವನ್ನಿತ್ತವನು ಗುರು. ಮನೆಯಲ್ಲಿ ಸಾವಾದರೆ ನೆರೆಯವರು ಕರೆಯದೆಯೇ ಬರುತ್ತಾರೆ. ಪಶ್ಚಿಮದ ಏಕಾಕಿಗೆ ಈ ಬೆಂಬಲವಿಲ್ಲ.

ಅಕ್ಟೋಬರ್ 31ರ ರಾತ್ರಿಯ ‘ಸೌವಿನ್’ ಹಬ್ಬವು ಮೃತರ ಸ್ಮರಣೆಗೆ ಮೀಸಲು. ಅಂದು ಕೆಲವರು ಗತಿಸಿದ ಬಂಧುಗಳಿಗಾಗಿ ತಟ್ಟೆಯಲ್ಲಿ ಆಹಾರವಿಟ್ಟು ದೀಪ ಹಚ್ಚುತ್ತಾರೆ. ನಮಗೆ ಮಹಾಲಯದ ಎಡೆ ನೆನಪಾಗದಿರದು. ಆದರೆ ಹೀಗೆ ಎಡೆಯಿಟ್ಟವರು ತೀರಿದ ಮೇಲೆ ಅವರಿಗೆ ಎಡೆಯಿಡುವವರು ಯಾರು? ಮಕ್ಕಳು ಚರ್ಚಿಗೆ ನಡೆದುಕೊಳ್ಳುವವರಾದರೆ, ಆ ಪುಟ್ಟ ಮೇಜಿನ ಅರ್ಥವನ್ನು ಬಲ್ಲವರೇ ಮನೆಯಲ್ಲಿ ಇರುವುದಿಲ್ಲ.

ಈ ಮಾತಿಗೆ ಒಂದು ನಿದರ್ಶನವುಂಟು. ವಿಕ್ಕಾ ಮತದ ಅಮೆರಿಕನ್ ಸೈನಿಕನೊಬ್ಬನು 2005ರಲ್ಲಿ ಆಫ್ಘಾನಿಸ್ಥಾನದಲ್ಲಿ ಮಡಿದನು. ಅವನ ಸ್ಮಾರಕಫಲಕದಲ್ಲಿ ವೃತ್ತದೊಳಗಣ ಐದು ಮೂಲೆಯ ನಕ್ಷತ್ರವೆಂಬ ಮತಚಿಹ್ನೆಯನ್ನಿಡಲು ಸರ್ಕಾರ ಅನುಮತಿ ಕೊಡಲಿಲ್ಲ. ಹೆಂಡತಿ ಕೈಬಿಡಲಿಲ್ಲ, ಇತರರೂ ಜತೆಗೂಡಿ ವ್ಯಾಜ್ಯ ಹೂಡಿದ ಮೇಲೆ 2007ರ ಏಪ್ರಿಲಿನಲ್ಲಿ ಸರ್ಕಾರ ಮಣಿಯಿತು. ಬದುಕಿರುವಾಗ ಒಬ್ಬರೇ ಪೂಜಿಸಬಹುದು. ಸತ್ತ ಮೇಲೆ ಕಲ್ಲಿನ ಮೇಲೊಂದು ಗುರುತು ನಿಲ್ಲಬೇಕಾದರೆ ಇನ್ನೊಬ್ಬರು ಬೇಕು.

ಆದುದರಿಂದ ಗುರುವಿಲ್ಲವೆಂಬ ಮಾತ್ರಕ್ಕೆ ಇವರ ಉಪಾಸನೆಯನ್ನು ಹುಸಿಯೆನ್ನಲು ನಾವು ಸಿದ್ಧರಿಲ್ಲ. ಹೊಗಳುವವರೂ ಗದರಿಸುವವರೂ ಇಲ್ಲದ ಕಡೆ, ತಿಂಗಳು ತಿಂಗಳೂ ತಪ್ಪದೆ ದೀಪ ಹಚ್ಚುವವರಲ್ಲಿ ನಿಷ್ಠೆಯಿದೆಯೆಂದೇ ಹೇಳಬೇಕು. ಅವರಿಗಿರುವ ಕೊರತೆ ಬೇರೆ: ಆ ದೀಪವನ್ನು ಯಾರ ಕೈಗೆ ಕೊಟ್ಟು ಹೋಗಬೇಕೆಂಬುದು. ಅದನ್ನು ಯಾವ ಕೈಪಿಡಿಯೂ ತುಂಬಿಕೊಡಲಾರದು. ಕೊಡಲು ಕೈಗಳಿರುವ ಮನೆಗಳವರು, ತಮ್ಮ ಮಕ್ಕಳಿಗೆ ದೇವರ ಮನೆಯ ಅರ್ಥವನ್ನು ತಿಳಿಸಿಕೊಟ್ಟಿದ್ದೇವೆಯೆ ಎಂದು ತಮ್ಮನ್ನು ತಾವೇ ಕೇಳಿಕೊಳ್ಳುವುದು ಒಳ್ಳೆಯದು.